ಅಡುಗೆ ಕಟ್ಟೆಯ ಎತ್ತರ

ಒಳಾಂಗಣ ವಿನ್ಯಾಸ ಓದುತ್ತಿದ್ದ ಹುಡುಗಿಗೆ ಕಾಲೇಜಿನ ಪ್ರಾಜೆಕ್ಟ್‌ಗೆಂದು ನಿಜವಾದ ಅಡುಗೆಮನೆಯೊಂದು ಸಿಕ್ಕಿತು. ಅಡುಗೆ ಮಾಡುವವರ ಮೊಣಕೈ ನೋಡಿ ಕಟ್ಟೆಯ ಎತ್ತರ ಗೊತ್ತುಮಾಡಬೇಕು ಎಂಬುದು ಅವಳು ಕಲಿತ ಮೊದಲ ಪಾಠ. ಮನೆಯಾಕೆಯನ್ನು ನಿಲ್ಲಿಸಿ ಟೇಪು ಹಿಡಿದಳು. ಕುಳ್ಳಗಿದ್ದ ಆಕೆ ನಿಲ್ಲಲಾರದೆ ಗೋಡೆಗೆ ಒರಗಿಕೊಂಡಳು.

“ಹುಷಾರಿಲ್ವಾ ಅಕ್ಕ?”

“ಯಾಕೋ ಒಂದು ತಿಂಗಳಿಂದ ಸುಸ್ತು ಕಣಮ್ಮ. ಪಾಪ, ಇವರೇ ದಿನಾ ಹಾಲು ಕಾಯಿಸಿ ಕೊಡ್ತಾರೆ.”

ನಕ್ಷೆ ನೋಡಿದ ಗಂಡ ಹುಡುಗಿಯನ್ನು ಕಳಿಸಲು ಗೇಟಿನವರೆಗೆ ಬಂದ.

“ಕಟ್ಟೆ ಇನ್ನೊಂದು ಅರ್ಧ ಅಡಿ ಎತ್ತರಿಸಮ್ಮ.”

“ಅಷ್ಟು ಎತ್ತರ ಆದ್ರೆ ಅಕ್ಕನಿಗೆ ಭುಜ ನೋಯುತ್ತೆ ಸರ್.”

ಅವನು ಒಮ್ಮೆ ಹಿಂದಿರುಗಿ ಮನೆಯತ್ತ ನೋಡಿದ.

“ಆ ಕಟ್ಟೇಲಿ ಅಡುಗೆ ಮಾಡೋಳು ಎತ್ತರ ಇದ್ದಾಳೆ.”