ಉಳಿದ ಮೊಲ

ವಿದ್ಯುತ್ ಸಾಮಾನುಗಳಿಗೆ ಬೆಂಕಿ ಹತ್ತುತ್ತದೆಯೇ ಎಂದು ಪರೀಕ್ಷಿಸುವ ಜಯಶೀಲನ ಮೇಜಿನ ಮೇಲೆ ಹೆಂಗಸೊಬ್ಬಳು ಮೊಲದ ಆಕಾರದ ಪ್ಲಾಸ್ಟಿಕ್ ನೈಟ್‌ಲ್ಯಾಂಪ್ ಇಟ್ಟಳು.

"ಮಗು ಕತ್ತಲಿಗೆ ಹೆದರ್ತಾಳೆ ಅಂತ ನಮ್ಮೆಜಮಾನ್ರು ಜೋಡಿ ತಂದಿದ್ರು ಸಾರ್. ಇನ್ನೊಂದು ಅವಳ ಜೊತೇಲೇ ಸುಟ್ಟೋಯ್ತು. ನಾನು ದೇವರಿಗೆ ಹಚ್ಚಿಟ್ಟ ದೀಪದಿಂದ್ಲೇ ಬೆಂಕಿ ಅಂತಾರೆ ಎಲ್ಲಾರೂ. ನೀವೇ ನೋಡಿ ಹೇಳಿ."

ಜಯಶೀಲ ಕೆಂಪಗೆ ಕಾದ ತಂತಿಯನ್ನು ಮೊಲಕ್ಕೆ ತಾಗಿಸಿ ಹಿಂದಕ್ಕೆಳೆದ. ಒಳ್ಳೆಯ ಪ್ಲಾಸ್ಟಿಕ್ಕಾದರೆ ಉರಿ ತಾನಾಗಿ ಆರಬೇಕು. ಇದು ಹನಿಹನಿಯಾಗಿ ಬೆಂಕಿಯನ್ನೇ ತೊಟ್ಟಿಕ್ಕಿಸಿತು. ಅವನೇ ಆರಿಸಬೇಕಾಯಿತು.

"ತಪ್ಪು ನಿಮ್ಮ ದೀಪದ್ದಲ್ಲಮ್ಮ. ಇದರದ್ದು."

ಆಕೆ ದೀರ್ಘವಾಗಿ ಉಸಿರು ಬಿಟ್ಟಳು.

ಹೊರಗೆ ಕಾಯುತ್ತಿದ್ದ ಗಂಡ ಬಾಗಿಲಲ್ಲಿ ಇಣುಕಿದ. "ಏನಂತೆ?"

ಸುಟ್ಟು ಕಪ್ಪಾಗಿ ಇನ್ನೂ ಬಿಸಿಯಿದ್ದ ಮೊಲವನ್ನು ಆಕೆ ಸೆರಗಿನೊಳಗೆ ಮುಚ್ಚಿಕೊಂಡಳು.

"ಇದಕ್ಕೆ ಬೆಂಕಿ ಹತ್ಲೇ ಇಲ್ಲ ರೀ. ನನ್ನ ದೀಪದಿಂದ್ಲೇ."