ತಾನಾಗಿಯೇ ತೆರೆಯುವ ಬಾಗಿಲು

ಸೆಟ್ ಕೆಲಸದವನು ಹಗ್ಗ ಸಡಿಲಿಸಿದ. ಆಕಾಶನೌಕೆಯ ಬಾಗಿಲು ಕ್ಯಾಪ್ಟನ್ನಳ ಬೆನ್ನ ಹಿಂದೆ ಕೊನೆಯ ಸಲ ಮುಚ್ಚಿಕೊಂಡಿತು. ಮೂವತ್ತು ವರ್ಷ, ಎಂಟು ಸಿನಿಮಾ. ಹಳೆಯ ನಟರ ತಂಡಕ್ಕೆ ಇವತ್ತು ವಿದಾಯ. ಆ ಬಾಗಿಲು ತಾನಾಗಿಯೇ ತೆರೆಯುತ್ತದೆಂದು ಲೋಕವೆಲ್ಲ ನಂಬಿತ್ತು. ಪ್ಲೈವುಡ್ ಗೋಡೆಯ ಹಿಂದೆ ಹಗ್ಗ ಎಳೆದೆಳೆದು ಅವನ ಅಂಗೈ ಜಡ್ಡುಗಟ್ಟಿತ್ತು. ಎಂದಿನಂತೆ ಅವನೂ ಕ್ಯಾಪ್ಟನ್ ಪಾತ್ರದ ನಟಿಯೂ ಆ ಇಕ್ಕಟ್ಟಿನ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಿಂತರು. "ಕಟ್!" ಆಚೆ ಚಪ್ಪಾಳೆ ಮೊರೆಯಿತು.

"ಹೋಗಮ್ಮ, ಹೂಗುಚ್ಛ ಕಾಯ್ತಿದೆ. ಆರು ಜನಕ್ಕೆ ಆರು ತಂದಿದಾರೆ," ಎಂದ ಅವನು.

"ನಿಂಗೆ?"

"ನಾನೊಬ್ಬ ಇದೀನಿ ಅಂತ ಗೊತ್ತಾದ್ರೆ ನಿನ್ನ ನೌಕೆ ಮಾನ ಏನಾಗ್ಬೇಕು!"

ನಟಿ ನಕ್ಕಳು, ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ನಿರ್ದೇಶಕ ಕೂಗಿದ: "ಬಾಗಿಲು ತೆಗಿಯೋ! ನಿಂತಲ್ಲೇ ನಿದ್ದೆ ಹೋದ್ಯಾ?" ಎರಡನೆಯ ಕೂಗಿಗೆ ಹಗ್ಗದವನು ಎಂದೂ ಕಾದವನಲ್ಲ. ಹಗ್ಗಕ್ಕೆ ಕೈ ಹಾಕಿದ. ಆ ಕೈಯ ಮೇಲೆ ಅವಳ ಕೈ ಬಿತ್ತು.

"ಬೇಡಣ್ಣ. ಆ ಹೂವು ಇಸ್ಕೊಂಡ್ರೆ ಆಮೇಲೆ ನಾನು ಕ್ಯಾಪ್ಟನ್ ಅಲ್ಲ. ಇನ್ನೊಂದು ಚೂರು ಹೊತ್ತು ಇಲ್ಲೇ ಇರ್ತೀನಿ."

ಎರಡನೆಯ ಕೂಗು ಬಂತು. ಅವನು ಹಗ್ಗ ಬಿಟ್ಟು, ತಾನು ಕೂರುತ್ತಿದ್ದ ಮರದ ಪೆಟ್ಟಿಗೆಯನ್ನು ತೋಳಿನಿಂದ ಒರೆಸಿ ಅವಳತ್ತ ಸರಿಸಿದ.