ಒಂದು ಕಾಂಪ್ಲೆಕ್ಸ್ ಮೂಗರ್ಜಿ

“ಬರೆದವರು ಈ ಕೋಣೆಯಲ್ಲೇ ಕೂತಿದ್ದಾರೆ,” ಎಂದರು ಕ್ಲಾಜು ಮೇಷ್ಟ್ರು.

ಸ್ಟಾಫ್ ರೂಮಿನಲ್ಲಿದ್ದ ನಾಲ್ವರೂ ಮುಖ ಮುಖ ನೋಡಿಕೊಂಡರು. ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ, ಇಂಗ್ಲಿಷಿನಲ್ಲಿ. ಆಡಳಿತ ಮಂಡಳಿಯ ಹೆಸರಿಗೆ ಅಂಚೆಯಲ್ಲಿ ಒಂದು ಮೂಗರ್ಜಿ ಬಂದಿತ್ತು. ಲಕೋಟೆ ಒಡೆದ ಹೆಡ್ ಮೇಡಂ ಮಂಡಳಿಗೆ ಫೋನಿನಲ್ಲಿ ವಿಷಯ ಮುಟ್ಟಿಸಿದ್ದರೇ ಹೊರತು ಇದುವರೆಗೆ ಯಾರಿಗೂ ತೋರಿಸಿರಲಿಲ್ಲ. ದೂರು ಇದ್ದದ್ದು ಕ್ಲಾಜು ಮೇಷ್ಟ್ರ ಮೇಲೆಯೇ.

ಇಪ್ಪತ್ತಾರು ವರ್ಷ ಇಂಗ್ಲಿಷ್ ವ್ಯಾಕರಣದ ‘ಕ್ಲಾಜು’ಗಳನ್ನು, ಅಂದರೆ ಉಪವಾಕ್ಯಗಳನ್ನು, ಅರೆದು ಕುಡಿಸಿದ್ದಕ್ಕೆ ಮಕ್ಕಳು ಕೊಟ್ಟ ಹೆಸರು ಅದು. ಮೇಷ್ಟ್ರ ಪಾಲಿಗೆ ಜಗತ್ತಿನಲ್ಲಿ ಮೂರೇ ಬಗೆಯ ವಾಕ್ಯ. ಒಂದೇ ಮಾತು, ಒಂದೇ ಕ್ರಿಯಾಪದ: ಸಿಂಪಲ್. ಸ್ವಂತ ಕಾಲ ಮೇಲೆ ನಿಲ್ಲಬಲ್ಲ ಎರಡು ಮಾತಿಗೆ ‘ಆ್ಯಂಡ್’, ‘ಬಟ್’ ಎಂದು ಗಂಟು ಹಾಕಿದರೆ ಕಾಂಪೌಂಡ್. ‘ಆಲ್ದೋ’, ‘ಬಿಕಾಸ್’ ಎಂದು ಶುರುವಾಗಿ, ಒಂಟಿಯಾಗಿ ನಿಲ್ಲಲಾರದೆ ಇನ್ನೊಂದಕ್ಕೆ ಜೋತುಬಿದ್ದರೆ ಕಾಂಪ್ಲೆಕ್ಸ್. ಹೆಂಡತಿ “ಹಾಲು ಒಡೆದಿದೆ” ಎಂದರೆ “ಸಿಂಪಲ್” ಎನ್ನುತ್ತಿದ್ದರು. “ಹಾಲು ಒಡೆದಿದೆ, ಆದ್ರೆ ನೀವು ಏಳಲ್ಲ” ಎಂದರೆ “ಕಾಂಪೌಂಡ್” ಎಂದು ಪೇಪರಿನ ಹಿಂದೆ ಅಡಗುತ್ತಿದ್ದರು. ಹಾಲು ಮಾತ್ರ ಆಕೆಯೇ ತರಬೇಕು.

ಹೆಡ್ ಮೇಡಂ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿಯ ಮೇಲೆ ಕಣ್ಣಿಡಬಲ್ಲವರು ಇಬ್ಬರು: ಮೇಷ್ಟ್ರು, ಮತ್ತು ಅವರಂತೆಯೇ ಇಂಗ್ಲಿಷ್ ಕಲಿಸುವ ಹೊಸ ಮೇಡಂ. ಆಕೆ ಬಂದು ಆರು ವರ್ಷ ಕಳೆದಿದ್ದರೂ ಮೇಷ್ಟ್ರ ಬಾಯಲ್ಲಿ ಹೊಸಬರೇ. ಆಕೆಯ ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು. ಮಂಡಳಿಯ ಒಲವೂ ಆಕೆಯ ಕಡೆಗೇ ಎಂಬ ಗಾಳಿಮಾತು ಮೇಷ್ಟ್ರ ನಿದ್ದೆ ಕೆಡಿಸಿತ್ತು. ಅಷ್ಟರಲ್ಲಿ ಬಂತು ಮೂಗರ್ಜಿ. ಬರೆದವರು ಸಿಕ್ಕರೆ ಕುರ್ಚಿಯ ಮಾತಿರಲಿ, ಕೆಲಸದಿಂದಲೇ ತೆಗೆಯುತ್ತೇವೆ ಎಂದು ಮಂಡಳಿ ಹೇಳಿ ಕಳಿಸಿತ್ತು.

“ಅಷ್ಟಕ್ಕೂ ದೂರು ಏನು?” ಎಂದು ಕೇಳಿದರು ಪಿ.ಟಿ. ಮೇಷ್ಟ್ರು.

“ಶಿಸ್ತು ಜಾಸ್ತಿಯಂತೆ. ಪಾಂಡಿತ್ಯ ಜಾಸ್ತಿಯಂತೆ. ಗಂಟೆ ಹೊಡೆದ್ರೂ ಪಾಠ ನಿಲ್ಸಲ್ವಂತೆ,” ಎಂದರು ಹೆಡ್ ಮೇಡಂ.

“ಅಯ್ಯೋ, ಇಂಥದ್ದೊಂದು ನನ್ನ ಮೇಲೂ ಯಾರಾದ್ರೂ ಬರೀಬಾರ್ದಾ!”

ಹೆಡ್ ಮೇಡಂ ನಗಲಿಲ್ಲ. ಲೆಕ್ಕ ಕಲಿಸಿ ಮೇಲೆ ಬಂದ ಆಕೆಯ ಇಂಗ್ಲಿಷ್ ಕೂಡುವ-ಕಳೆಯುವ ಮಟ್ಟದ್ದು ಎಂದು ಮೇಷ್ಟ್ರು ಎಂದೋ ಷರಾ ಬರೆದಾಗಿತ್ತು. “ವಾಕ್ಯ ನೋಡಿದ್ರೆ ಆಳು ಗೊತ್ತಾಗುತ್ತೆ ಅಂತೀರಲ್ಲ ಮೇಷ್ಟ್ರೇ, ಹೇಳಿ ನೋಡೋಣ,” ಎಂದು ಆಕೆ ಹಾಳೆಯನ್ನು ಮುಂದೆ ತಳ್ಳಿದರು.

ಮೇಷ್ಟ್ರು ಕನ್ನಡಕ ಏರಿಸಿ ಒಮ್ಮೆ ಕಣ್ಣು ಹಾಯಿಸಿದರು. ಹಾಳೆಯನ್ನು ಮಡಿಸಿ ಅಂಗೈ ಅಡಿ ಇಟ್ಟುಕೊಂಡರು. “ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಕು. ಐದು ವಾಕ್ಯ. ಮೂರು ಸಿಂಪಲ್, ಒಂದು ಕಾಂಪೌಂಡ್, ಒಂದು ಕಾಂಪ್ಲೆಕ್ಸ್.”

“ನನ್ನ ಬಿಟ್ಬಿಡಿ ಸಾರ್,” ಎಂದರು ಪಿ.ಟಿ. ಮೇಷ್ಟ್ರು. “ಕಾಂಪೌಂಡು ಅಂದ್ರೆ ನಂಗೆ ಗೋಡೆ ಒಂದೇ ಗೊತ್ತು.”

“ನಿಮ್ಮನ್ನ ಯಾವತ್ತೋ ಬಿಟ್ಟಾಯ್ತು.” ಮೇಷ್ಟ್ರು ವಿಜ್ಞಾನದ ಮೇಡಂ ಕಡೆ ತಿರುಗಿದರು. “ನಿಮ್ಮದೂ ಅಲ್ಲ. ನೀವು ರಜಾ ಚೀಟಿ ಬರೆದ್ರೂ ಆ್ಯಂಡ್, ಆ್ಯಂಡ್, ಆ್ಯಂಡ್. ಗೂಡ್ಸ್ ರೈಲು. ಕಾಂಪ್ಲೆಕ್ಸ್ ನಿಮ್ಮ ಕೈಲಿ ಆಗದ ಮಾತು.”

ಇದು ಖುಲಾಸೆಯೋ ಅವಮಾನವೋ ತಿಳಿಯದೆ ಆಕೆ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತರು.

ಮೇಷ್ಟ್ರು ಕಣ್ಣು ಮುಚ್ಚಿದರು. “ನಾಲ್ಕನೇ ವಾಕ್ಯ ಕೇಳಿ. ‘ವ್ಯಾಕರಣದಲ್ಲಿ ಅವರಿಗೆ ಸರಿಸಾಟಿ ಈ ಊರಲ್ಲೇ ಯಾರೂ ಇಲ್ಲವಾದರೂ, ಮಕ್ಕಳಿಗೆ ಆಟದ ಬಿಡುವನ್ನು ಅವರು ಕೊಡುವುದಿಲ್ಲ.’ ಆಲ್ದೋ ಹಾಕಿ ಶುರು. ಜೋತುಬಿದ್ದ ಮಾತು ಮುಂದೆ, ಅದನ್ನ ಹೊತ್ತ ಮಾತು ಹಿಂದೆ, ಮಧ್ಯೆ ಹದವಾಗಿ ಒಂದು ಕಾಮಾ. ಏನು ಕಟ್ಟು ಅಂತೀರಿ! ಬೈದ್ರೂ ಅಂದವಾಗಿ ಬೈದಿದ್ದಾರೆ. ಇಂಥ ವಾಕ್ಯ ಕಟ್ಟೋರು ಈ ಶಾಲೇಲಿ ಇಬ್ಬರೇ. ಒಬ್ಬ ನಾನು. ನನ್ನ ಮೇಲೆ ನಾನೇ ಬರ್ಕೋತೀನಾ?”

ಎಲ್ಲರ ಕಣ್ಣೂ ಹೊಸ ಮೇಡಂ ಮೇಲೆ ನೆಟ್ಟವು. ಆಕೆಯ ಮುಖ ಬಿಳಿಚಿಕೊಂಡಿತು.

“ನಾನು ಬರೆದಿಲ್ಲ.”

“ಸಿಂಪಲ್,” ಎಂದರು ಮೇಷ್ಟ್ರು. “ಸಿಕ್ಕಿಬಿದ್ದೋರೆಲ್ಲ ಸಿಂಪಲ್ಲಾಗೇ ಮಾತಾಡೋದು.” ಅವರಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಕುರ್ಚಿಗೆ ಹೊಸ ದಿಂಬು ಹಾಕಿಸಬೇಕು ಎಂಬಲ್ಲಿಯವರೆಗೆ ಮನಸ್ಸು ಹೋಗಿತ್ತು.

“ಹಾಳೆ ಕೊಡಿ ಸಾರ್. ಅದರಲ್ಲೇನಿದೆ ಅಂತ ನಾನಿನ್ನೂ ನೋಡೇ ಇಲ್ಲ.” ಹೊಸ ಮೇಡಂ ಹಾಳೆಯನ್ನು ಎಳೆದುಕೊಂಡರು. ಓದಿದರು. ಬೆರಳಿಟ್ಟು ಎಣಿಸಿದರು. ಮತ್ತೆ ಮೊದಲಿಂದ ಎಣಿಸಿದರು.

“ಸಾರ್, ಇಲ್ಲಿ ಏಳು ವಾಕ್ಯ ಇದೆ. ಏಳೂ ಸಿಂಪಲ್. ಆಲ್ದೋ ಎಲ್ಲೂ ಇಲ್ಲ.”

“ಕೊಡೀಮ್ಮ ಇಲ್ಲಿ!” ಮೇಷ್ಟ್ರು ಕಸಿದುಕೊಂಡು ಓದಿದರು. ಸರಿಸಾಟಿ ಯಾರೂ ಇಲ್ಲ, ಚುಕ್ಕಿ. ಬಿಡುವು ಕೊಡುವುದಿಲ್ಲ, ಚುಕ್ಕಿ. ಅವರ ಕಿವಿಯ ತುದಿ ಕೆಂಪಾಯಿತು. ಮಕ್ಕಳ ನೋಟ್‌ಬುಕ್ಕಿನಲ್ಲಿ ಇಂಥದ್ದನ್ನು ಕಂಡಾಗ ಬರುವ ಸಿಟ್ಟೇ ಉಕ್ಕಿ ಬಂತು. “ಯಾರು ಇದನ್ನ ಹೀಗೆ ಕುಲಗೆಡಿಸಿದ್ದು?”

“ನಾನೇ, ಬೆಳಿಗ್ಗೆ ಬಂದು ಒಡೆದು ಒಡೆದು ಟೈಪ್ ಮಾಡ್ದೆ,” ಎಂದರು ಹೆಡ್ ಮೇಡಂ, “ನೀವು ಈಗ ಬಾಯಿಪಾಠ ಒಪ್ಪಿಸಿದ್ರಲ್ಲ, ಆ ಅಸಲು ಕಾಗದ ಬಂದ ದಿನದಿಂದ ನನ್ನ ಬೀರು ಒಳಗೇ ಇದೆ ಮೇಷ್ಟ್ರೇ, ಅದನ್ನ ಓದಿರೋದು ನಾನು, ನನ್ನ ಬಿಟ್ರೆ ಬರೆದವರು.”